ಸಾಲಿನ ಕೊನೆಯಲ್ಲಿ ಮುರಿದ ಹೆಸರು

ಕಂತು ಒಂಬತ್ತು

"ಈ ಕಾಗದಾ ಮಾಲತೇಶ ಹೊಡದದ್ದಲ್ಲ. ನನ್ನ ಕಣ್ಣಾಣೆ ಅಲ್ಲ."

ತುಳಸಾಬಾಯಿ ಹೀಗಂದು ಭೂತಗನ್ನಡಿಯನ್ನು ಶಿಗ್ಗಾವಿ ಠಾಣೆಯ ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪಿಎಸ್‌ಐ ಮುಜಾಫರನ ಚಹಾ ಬಸಿಯೊಳಗೆ ಚೆಲ್ಲಿತು. ಅವನು ಚಹಾ ನೋಡಲಿಲ್ಲ, ಗಡಿಯಾರ ನೋಡಿದ. ಹನ್ನೆರಡೂವರೆ. ಮೂರಕ್ಕೆ ಮಾಲತೇಶನನ್ನು ಹಾನಗಲ್ಲಿನ ಕೋರ್ಟಿನಲ್ಲಿ ನಿಲ್ಲಿಸಬೇಕು. ಒಮ್ಮೆ ನಿಲ್ಲಿಸಿದರೆ ಮುಗಿಯಿತು, ಅಲ್ಲಿಂದ ಜೈಲು.

"ಮಷಿನ್ ಅವಂದ ಐತ್ರಿ ಬಾಯಾರ," ಎಂದ ಮುಜಾಫರ. "ಅವನ ಮಷಿನ್ನಿನ್ಯಾಗ ಇಂಗ್ಲೀಷ್ ಸಣ್ಣ 'ಇ' ಎಡಕ್ಕ ಸೊಟ್ಟ ಬೀಳ್ತೈತಿ. ಇಲ್ಲೂ ಸೊಟ್ಟನ ಐತಿ. ಇನ್ನೇನ ಬೇಕು?"

"ಮಷಿನ್ ಅವಂದು. ಬೆರಳು ಅವನವಲ್ಲ."

ಹನ್ನೊಂದು ದಿನದ ಹಿಂದೆ ಹಾನಗಲ್ಲಿನ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ ಧೀರೇಂದ್ರ ಈ ಒಂದು ಪುಟ ಬಿಟ್ಟು ಕಾಣೆಯಾಗಿದ್ದರು: ಯಾತ್ರೆಗೆ ಹೊರಟಿದ್ದೇನೆ, ಹುಡುಕಬೇಡಿ, ಕಳಪೆ ಬಿತ್ತನೆ ಬೀಜದ ವಿರುದ್ಧ ನಾನು ಕೊಟ್ಟ ಅರ್ಜಿಯನ್ನು ಕೈಬಿಡಿ. ಮಗಳು ಸ್ಪಂದನಾ ಆ ಪುಟ ನೋಡಿದವಳೇ, ನಮ್ಮಪ್ಪ ಜನ್ಮದಲ್ಲಿ ಟೈಪು ಮಾಡಿದವರಲ್ಲ, ಈ ಸಹಿಯೂ ಅವರದಲ್ಲ ಎಂದು ಠಾಣೆಗೆ ಬಂದು ಕೂತಿದ್ದಳು. ಪೊಲೀಸರು ಆ ಸೊಟ್ಟ 'ಇ'ಯ ಬೆನ್ನು ಹತ್ತಿ ಶಿಗ್ಗಾವಿಯ ಕಚೇರಿ ಮುಂದೆ ಬೇವಿನ ಗಿಡದ ಕೆಳಗೆ ಅಫಿಡವಿಟ್ ಹೊಡೆಯುವ ಮಾಲತೇಶನನ್ನು ನಿನ್ನೆ ಬೆಳಿಗ್ಗೆ ತಂದು ಕೂಡಿಸಿದ್ದರು.

ಮಾಲತೇಶ ಹೇಳುತ್ತಿದ್ದುದು ಒಂದೇ ಮಾತು. ಆರನೇ ತಾರೀಖಿನಿಂದ ಒಂಬತ್ತರವರೆಗೆ ಮಷಿನ್ ನನ್ನ ಹತ್ತಿರ ಇರಲಿಲ್ಲ, ರಿಪೇರಿಗೆಂದು ಹಿರೇಕೆರೂರಿನ ವೇದವ್ಯಾಸ ಮಾಸ್ತರರ ಮನೆಯಲ್ಲಿ ಇಟ್ಟು ಬಂದಿದ್ದೆ. ವೇದವ್ಯಾಸ ಮಾಸ್ತರರು, ನನ್ನ ಮನೆಗೆ ಯಾವ ಮಷಿನ್ನೂ ಬಂದಿಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟಿದ್ದರು. ಒಂದು ಕಡೆ ನಿವೃತ್ತ ಹೆಡ್‌ಮಾಸ್ತರ, ಇನ್ನೊಂದು ಕಡೆ ಗಿಡದ ಕೆಳಗಿನ ಟೈಪಿಸ್ಟ್. ಯಾರ ಮಾತು ತೂಗುತ್ತದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಆ ವೇದವ್ಯಾಸ, ತುಳಸಾಬಾಯಿಯ ಬೆನ್ನಿಗೆ ಬಿದ್ದ ತಮ್ಮ.

ನಿನ್ನೆ ಸಂಜೆಯ ತನಕ ತುಳಸಾಬಾಯಿಯೂ ತಮ್ಮನ ಮಾತನ್ನೇ ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ಆದರೆ ಮಾಲತೇಶನ ತಾಯಿ ಮಾದೇವಿ ದುಂಡಸಿಯಿಂದ ಎರಡು ಬಸ್ಸು ಬದಲಿಸಿ ಸವಣೂರಿನ ಅವರ ಮನೆಗೆ ಬಂದು, ಹೊಸ್ತಿಲ ಹೊರಗೇ ಕೂತು, "ನೀವು ಮೂವತ್ತೆಂಟು ವರ್ಷ ಕೋರ್ಟಿನ್ಯಾಗ ಟೈಪ್ ಹೊಡದವರು. ಒಮ್ಮೆ ಆ ಕಾಗದಾ ನೋಡ್ರೀ ಯವ್ವಾ. ನನ್ನ ಮಗಂದ ಹೌದು ಅಂದ್ರ ನಾ ಸುಮ್ಮನ ಎದ್ದು ಹೋಗ್ತೇನಿ," ಎಂದಿದ್ದಳು. ಅತ್ತಿರಲಿಲ್ಲ, ಕಾಲು ಹಿಡಿದಿರಲಿಲ್ಲ. ಅದಕ್ಕೇ ತುಳಸಾಬಾಯಿಗೆ ಇಲ್ಲ ಎನ್ನಲಾಗಲಿಲ್ಲ.

ಈಗ ನೋಡಿಯಾಗಿತ್ತು. ನೋಡಿದ್ದನ್ನು ಹೇಳಿದರೆ ಮಾದೇವಿಯ ಮಗ ಉಳಿಯುತ್ತಾನೆ, ತನ್ನ ತಮ್ಮ ಸಿಕ್ಕಿಬೀಳುತ್ತಾನೆ. ಬಾಯಿ ಮುಚ್ಚಿಕೊಂಡರೆ ತಿರುಗಾಮುರುಗಾ. ಅರವತ್ತಾರು ವರ್ಷದ ತುಳಸಾಬಾಯಿ ಭೂತಗನ್ನಡಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಬೆರಳು ಬ್ಯಾರೆ ಅಂತ ಹೆಂಗ ಹೇಳ್ತೀರಿ ಬಾಯಾರ? ಕೋರ್ಟು ಒಪ್ಪೂವಂಗ ಹೇಳ್ರಿ. ನನಗೂ ಅನುಕೂಲ ಆಗ್ತೈತಿ."

ಹಾಗೆ ಕೇಳಿದವರು ಪಕ್ಕದ ಕುರ್ಚಿಯಲ್ಲಿ ಕರಿ ಕೋಟನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದ ಕರಿಬಸಪ್ಪ ವಕೀಲರು. ಹಾನಗಲ್ಲಿನಲ್ಲಿ ಅವರ ಹೆಸರಿಗೆ ಬೆಲೆಯಿತ್ತು. ರೈತರ ಪರವಾಗಿ ಧೀರೇಂದ್ರರ ಬೀಜದ ಅರ್ಜಿ ಹಿಡಿದು ಓಡಾಡುತ್ತಿದ್ದವರು ಅವರೇ. ಈಗ ಮಾಲತೇಶನ ವಕಾಲತ್ತನ್ನೂ ತಾವಾಗಿ ಹೊತ್ತಿದ್ದರು. ಇಂಥ ಮನುಷ್ಯ ಇಂದಿನ ಕಾಲದಲ್ಲೂ ಇದ್ದಾನಲ್ಲ ಎಂದು ತುಳಸಾಬಾಯಿಗೆ ಬೆಳಗಿನಿಂದ ಸಮಾಧಾನವಾಗಿತ್ತು.

"ಹೈಫನ್ ನೋಡ್ರಿ," ಎಂದರು ತುಳಸಾಬಾಯಿ.

"ಅಂದ್ರ ಆ ಸಣ್ಣ ಗೀಟು?" ಮುಜಾಫರ ಬಗ್ಗಿದ. "ಅದನ್ನ ಯಾರರ ನೋಡ್ತಾರೇನ್ರಿ?"

"ನಮ್ಮಪ್ಪ ನೋಡ್ತಿದ್ರು. ತಪ್ಪಿದ್ರ ಬೆರಳ ಗೆಣ್ಣಿಗೆ ರೂಲರಿನಿಂದ ಕೊಡ್ತಿದ್ರು."

ಸವಣೂರಿನ ವಿಠ್ಠಲ ಮಾಸ್ತರರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು ಒಂದು ಕಾಲಕ್ಕೆ ಸುತ್ತಲಿನ ನಾಲ್ಕೂ ತಾಲೂಕಿನ ಕಚೇರಿಗಳಲ್ಲಿ ತುಂಬಿದ್ದರು. ತುಳಸಾಬಾಯಿಗೆ ತಂದೆಯ ಪಾಠ ಹೇಳುವುದೆಂದರೆ ಹಬ್ಬ. ಹೆದರಿಕೆಯ ನಡುವೆಯೂ ಅವರ ಬೆನ್ನು ನೆಟ್ಟಗಾಯಿತು.

"ಇಲ್ನೋಡ್ರಿ, ನಾಲ್ಕನೇ ಸಾಲು. 'ಲಾಂಗ್-ಪೆಂಡಿಂಗ್ ಕಂಪ್ಲೇಂಟ್'. ಲಾಂಗಿಗೂ ಪೆಂಡಿಂಗಿಗೂ ನಡುವ ಹೈಫನ್ ಅದ. ಈಗ ಹತ್ತನೇ ಸಾಲು. 'ದಿ ಕಂಪ್ಲೇಂಟ್ ಈಸ್ ಲಾಂಗ್ ಪೆಂಡಿಂಗ್'. ಅವೇ ಎರಡು ಶಬ್ದ, ಹೈಫನ್ ಇಲ್ಲ. ಎರಡೂ ಖರೇನ."

"ಅದೆಂಗ್ರಿ?" ವಕೀಲರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಗಾಡಿ ಮುಂದ ಎರಡೆತ್ತು ನಿಂತ್ರ ನೊಗಾ ಹೂಡ್ತೀರೋ ಇಲ್ಲೋ? ಎರಡು ಶಬ್ದ ಕೂಡಿ ಮುಂದಿನ ಹೆಸರಿನ ಗಾಡಿ ಎಳೀತಾವ, ಅದಕ್ಕ ನೊಗ ಬೇಕು. ಅವೇ ಎತ್ತು ಗಾಡಿ ಹಿಂದ ಕಟ್ಟಿದ್ರ ನೊಗ ಯಾಕ? ಅಪ್ಪ ಹಿಂಗ ಹೇಳಿಕೊಟ್ಟಿದ್ರು. ಇಂಗ್ಲಿಷ್ ಬಾರದವರಿಗೂ ತಿಳೀತಿತ್ತು."

ಅವರು ಮಾಲತೇಶನ ಹಳೆಯ ಅಫಿಡವಿಟ್‌ಗಳ ಕಟ್ಟನ್ನು ಎಳೆದು ಬಿಚ್ಚಿದರು. "ಇದು ಆ ಹುಡುಗಂದು. 'ನ್ಯೂಲಿ-ಬಿಲ್ಟ್ ಹೌಸ್' ಅಂತ ಹೊಡದಾನ. ಕೊನಿಗೆ ಎಲ್‌-ವೈ ಬಂದ ಶಬ್ದ ತಾನ ಜೋಡಿ ಹಿಡಕೊಂಡ ಬರ್ತದ, ಅಲ್ಲೆ ಹೈಫನ್ ಬ್ಯಾಡ. ಇಲ್ಲೆ 'ಟ್ವೆಂಟಿ ಒನ್' ನಡುವ ಬೇಕಾಗಿತ್ತು, ಹಾಕೇ ಇಲ್ಲ. ಇವನ ಹೈಫನ್ ಅಂದ್ರ ಓಣಿ ಕೋಳಿ ಇದ್ದಂಗ, ಎಲ್ಲಿ ಬೇಕಲ್ಲಿ ಕೂಡ್ತಾವ. ಪಾಪ, ಕಲಿಸಿದವರಿಲ್ಲ."

ಮುಜಾಫರ ನಗಲಿಲ್ಲ. "ಬಾಯಾರ, ಗ್ರಾಮರ್ ಸುಧಾರಸ್ತೈತ್ರಿ. ಜಾಗ್ರತಿಂದ ಹೊಡದಾನ ಅಂದ್ರ? ಇದರ ಮ್ಯಾಲ ಬಿಡಾಕ ಬರಂಗಿಲ್ಲ."

"ಇದರ ಮ್ಯಾಲ ಬಿಡ್ರಿ ಅಂತ ಯಾರು ಹೇಳಿದ್ರು? ಇನ್ನೂ ಮುಖ್ಯದ್ದು ಹೇಳಿಲ್ಲ ನಾನು."

ಭೂತಗನ್ನಡಿ ಪುಟದ ಬಲ ಅಂಚಿಗೆ ಸರಿಯಿತು.

ಟೈಪು ಮಾಡುವಾಗ ಸಾಲು ಮುಗಿಯಲು ಬಂದರೆ ಮಷಿನ್ನು ಟಿಣ್ ಎಂದು ಬೆಲ್ ಹೊಡೆಯುತ್ತದೆ. ಶಬ್ದ ಹಿಡಿಸದಿದ್ದರೆ ಅರ್ಧಕ್ಕೆ ಮುರಿದು, ಹೈಫನ್ ಇಟ್ಟು, ಉಳಿದದ್ದನ್ನು ಕೆಳಗಿನ ಸಾಲಿಗೆ ಇಳಿಸುತ್ತಾರೆ. ಇದು ಎಲ್ಲ ಟೈಪಿಸ್ಟರೂ ಮಾಡುವುದೇ. ಆದರೆ ವಿಠ್ಠಲ ಮಾಸ್ತರರಲ್ಲಿ ಇನ್ನೊಂದು ಕಟ್ಟಳೆಯಿತ್ತು, ಅದು ಯಾವ ಪುಸ್ತಕದಲ್ಲೂ ಇಲ್ಲ. ಬದುಕಿರುವ ಮನುಷ್ಯನ ಹೆಸರನ್ನು ಸಾಲಿನ ಕೊನೆಗೆ ಮುರಿಯುವ ಹಾಗಿಲ್ಲ. ಎಷ್ಟೇ ಜಾಗ ಹಾಳಾಗಲಿ, ಹೆಸರನ್ನು ಇಡಿಯಾಗಿ ಕೆಳಗಿಳಿಸಬೇಕು.

"ಸತ್ತ ಸುದ್ದಿ ಕಾರ್ಡಿನ ಮೂಲಿ ಹರದು ಹಾಕ್ತಿದ್ದಿಲ್ಲೇನ್ರಿ ಮೊದಲ, ಹಂಗ," ಎಂದರು ತುಳಸಾಬಾಯಿ. "ವೈಕುಂಠ ಸಮಾರಾಧನೆ ಪತ್ರ ಹೊಡೀವಾಗ ತೀರಿಕೊಂಡವರ ಹೆಸರು ಬೇಕಂತನ ಸಾಲಿನ ಕೊನಿಗೆ ತಂದು ಮುರೀತಿದ್ವಿ. ಅದು ಗುರ್ತು. ಇದ್ದವರ ಹೆಸರು ಮುರದ್ರ ಅಪ್ಪ ಆ ಹಾಳೀನ ಸುಡ್ತಿದ್ರು. ಆ ರೂಢಿ ಬೆರಳಿಗೆ ಹತ್ತಿತಂದ್ರ ಸಾಯೂತನಕ ಬಿಡಂಗಿಲ್ಲ."

"ಈ ಕಾಗದದಾಗ?" ಮುಜಾಫರನ ದನಿ ಇಳಿದಿತ್ತು.

"ಮೂರನೇ ಸಾಲಿಗೆ 'ಹಿರೇಕೆರೂರ' ಮುರದದ. ಊರು, ನಡೀತದ. ಆರನೇ ಸಾಲಿನ್ಯಾಗ ಸ್ಪಂದನಾ ಅಂತ ಮಗಳ ಹೆಸರು ಬಂದದ. ಅರ್ಧಾ ಹಿಡಿಸೂವಷ್ಟು ಜಾಗ ಇತ್ತು, ಖಾಲಿ ಬಿಟ್ಟು ಕೆಳಗಿಳಿಸ್ಯಾರ. ಎಂಟನೇ ಸಾಲಿನ್ಯಾಗ ಹೆಂಡತಿ ಶೀಲಾ, ಹಂಗ. ಹನ್ನೆರಡನೇ ಸಾಲು..."

ಅವರು ಭೂತಗನ್ನಡಿಯನ್ನು ಮುಜಾಫರನ ಕಡೆ ಸರಿಸಿದರು. ಹನ್ನೆರಡನೇ ಸಾಲಿನ ಕೊನೆಗೆ 'ಧೀರೆನ್' ಎಂಬಷ್ಟು ಇತ್ತು. ಪಕ್ಕದಲ್ಲೊಂದು ಹೈಫನ್. ಕೆಳಗಿನ ಸಾಲಿನ ಮೊದಲಿಗೆ 'ದ್ರ'.

"ಈ ಕಾಗದ ಹೊಡದವರು ನಮ್ಮಪ್ಪನ ಶಿಷ್ಯರು," ಎಂದರು. "ಮತ್ತ ಇದನ್ನ ಹೊಡೀವಾಗ ಧೀರೇಂದ್ರ ಇನ್ನ ಇಲ್ಲ ಅನ್ನೂದು ಅವರಿಗೆ ಗೊತ್ತಿತ್ತು."

ಹೊರಗೆ ಕಚೇರಿ ರಸ್ತೆಯಲ್ಲಿ ಹುಬ್ಬಳ್ಳಿ ಬಸ್ಸಿನ ಹಾರ್ನು ಕೂಗಿತು. ಧೀರೇಂದ್ರ ಸಣ್ಣವರಿದ್ದಾಗ ಅಪ್ಪನ ಜೊತೆ ಇಂಗ್ಲಿಷ್ ವ್ಯಾಕರಣದ ಮೇಲೆ ಜಗಳಾಡಲೆಂದೇ ಸವಣೂರಿಗೆ ಬರುತ್ತಿದ್ದರು, ಅವಲಕ್ಕಿ ತಿಂದು ಸೋತು ಹೋಗುತ್ತಿದ್ದರು. ಅದು ನೆನಪಾಗಿ ತುಳಸಾಬಾಯಿಯ ಕಣ್ಣು ತುಂಬಿತು.

ಮುಜಾಫರ ಅಫಿಡವಿಟ್ ಕಟ್ಟನ್ನು ತನ್ನ ಕಡೆ ಎಳೆದುಕೊಂಡು ಒಂದೊಂದಾಗಿ ತಿರುವಿದ. ಉಳಿವೆಪ್ಪನ ಹೆಸರು ಎರಡು ತುಂಡಾಗಿತ್ತು, ಭರಮವ್ವನದು ಎರಡು ಕಡೆ ಮುರಿದಿತ್ತು. ಇಬ್ಬರೂ ನಿನ್ನೆಯಷ್ಟೇ ಅದೇ ಗಿಡದ ಕೆಳಗೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದವರು.

"ಖರೆ ಐತಿ," ಎಂದ ಮುಜಾಫರ ನಿಧಾನಕ್ಕೆ. "ಇವ ಸಿಕ್ಕವರ ಹೆಸರು ಮುರದಾನ. ಇವಂಗ ಆ ರೂಢಿನ ಇಲ್ಲ."

ಕರಿಬಸಪ್ಪ ವಕೀಲರು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು. "ಭಾಳ ಶಾಣ್ಯಾ ಅದೀರಿ ಬಾಯಾರ. ಇಷ್ಟ ವರ್ಷ ವಕೀಲಿ ಮಾಡಿದೆ, ಹೈಫನ್ ಪಾಠಾ ಇವತ್ತ ಕಲತೆ ನೋಡ್ರಿ."

ಹೊಗಳಿಕೆ ಯಾರಿಗೆ ಬೇಡ? ಆ ದುಃಖದಲ್ಲೂ ತುಳಸಾಬಾಯಿಯ ಮುಖ ಸ್ವಲ್ಪ ಅರಳಿತು.

"ಮಾಸ್ತರ ಶಿಷ್ಯಾರು ಈಗ ಎಷ್ಟು ಮಂದಿ ಟೈಪ್ ಹೊಡಿತಾರ್ರಿ?" ಮುಜಾಫರ ಅವರ ಕಣ್ಣು ತಪ್ಪಿಸಿ ಕೇಳಿದ.

"ನನಗ ತಿಳದಂಗ ಇಬ್ರು." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಒಬ್ಬಾಕಿ ನಾನು. ಇನ್ನೊಬ್ಬನ ಮನಿಗೆ ನಿಮ್ಮ ಜೀಪಿನ್ಯಾಗ ಈಗ ಹೋಗೂಣು. ಅರ್ಧಾ ತಾಸು ಅವನ ಕೂಡ ಒಬ್ಬಾಕಿನ ಮಾತಾಡ್ಲಿಕ್ಕೆ ಬಿಡ್ರಿ. ಆಮ್ಯಾಲೆ ನೀವು, ನಿಮ್ಮ ಕಾಯದೆ."

ಮಾಲತೇಶನ ಅರೆಸ್ಟನ್ನು ಮುಜಾಫರ ಇನ್ನೂ ಕಾಗದದ ಮೇಲೆ ತೋರಿಸಿರಲಿಲ್ಲ. ಕರೆದಾಗ ಬರಬೇಕೆಂದು ಬರೆಸಿಕೊಂಡು ಬಿಟ್ಟ. ಹೊರಗೆ ಹೋಗಿ ಒಂದು ಫೋನು ಮಾಡಿ ಬಂದ ವಕೀಲರೇ ಜಾಮೀನಿಗೆ ಸಹಿ ಹಾಕಿದರು. "ನಾನ ನನ್ನ ಕಾರಿನ್ಯಾಗ ದುಂಡಸಿಗೆ ಮುಟ್ಟಸ್ತೇನಿ," ಎಂದರು. "ಹಡದಾಕಿ ದಾರಿ ಕಾಯಾಕತ್ತಿರಬೇಕು."

ತುಳಸಾಬಾಯಿ ಅಲ್ಲಿಂದಲೇ ಮಾದೇವಿಗೆ ಫೋನು ಹಚ್ಚಿದರು. "ನಿನ್ನ ಮಗ ಬರ್ಲಿಕ್ಕತ್ತಾನ. ಬಿಸಿ ರೊಟ್ಟಿ ಬಡಿ," ಎಂದರು. ಆ ಕಡೆ, ನಿನ್ನೆ ಅಳದವಳು ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಮಾಲತೇಶ ಹೊರಗೆ ಬಂದು ಅವರ ಮುಂದೆ ನಿಂತ. ಮೂವತ್ತೈದರ ಗಂಡಸು ಒಂದೇ ರಾತ್ರಿಯಲ್ಲಿ ಇಳಿದುಹೋಗಿದ್ದ. ಪೊಲೀಸರು ತಿರುಗಿ ಕೊಟ್ಟ ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡಿದ್ದ.

"ಚೀಲಾ ಕೊಡಪಾ, ಹಿಂದ ಇಡ್ತೇನಿ. ನೀ ಆರಾಮ ಕೂಡು," ಎಂದು ವಕೀಲರು ಅದನ್ನು ಇಸಿದುಕೊಂಡು ಡಿಕ್ಕಿಯಲ್ಲಿಟ್ಟರು.

ಕಾರಿನ ಬಾಗಿಲನ್ನು ತುಳಸಾಬಾಯಿಯೇ ಮುಚ್ಚಿದರು. ಮೊದಲ ಸಲ ಸರಿಯಾಗಿ ಕೂಡಲಿಲ್ಲ, ಎರಡನೇ ಸಲ ಜೋರಾಗಿ ಬಡಿದರು.

ಜೀಪು ಹಾವೇರಿ ದಾಟಿತು. ಮುಜಾಫರ ಒಮ್ಮೆ ನೀರಿನ ಬಾಟಲಿ ಕೊಟ್ಟ, ಅವರು ಬೇಡ ಎಂದರು. ಅವರ ಬೆರಳುಗಳು ತೊಡೆಯ ಮೇಲೆ ಕುಣಿಯುತ್ತಿದ್ದವು. ಎಪ್ಪತ್ತು ಅಕ್ಷರದ ಸಾಲು. ಯಾವ ಶಬ್ದಕ್ಕೆ ಎಷ್ಟು ಅಕ್ಷರ, ಎಲ್ಲಿಗೆ ಬೆಲ್ ಹೊಡೆಯುತ್ತದೆ ಎಂದು ಅವರು ಮನಸ್ಸಿನಲ್ಲೇ ಎಣಿಸುತ್ತಿದ್ದರು.

ಹಿರೇಕೆರೂರಿನಲ್ಲಿ ಅಂದು ಸಂತೆ. ಗೋವಿನಜೋಳದ ಚೀಲ ಹೇರಿದ ಲಾರಿಗಳ ನಡುವೆ ಜೀಪು ನುಸುಳಿ ವೇದವ್ಯಾಸರ ಓಣಿ ಸೇರುವಷ್ಟರಲ್ಲಿ ನಾಲ್ಕಾಗುತ್ತ ಬಂದಿತ್ತು. ಮುಜಾಫರ ಎದುರಿನ ಕಟ್ಟೆಯ ಮೇಲೆ ಕೂತು ಗಡಿಯಾರ ತೋರಿಸಿದ. ಅರ್ಧ ತಾಸು.

ವೇದವ್ಯಾಸ ಪಡಸಾಲೆಯಲ್ಲಿ ಟೈಪ್‌ರೈಟರಿಗೆ ಎಣ್ಣೆ ಬಿಡುತ್ತಿದ್ದ. ಅಕ್ಕನನ್ನು ನೋಡಿ ಎದ್ದ. ಹೊರಗಿನ ಜೀಪನ್ನೂ ನೋಡಿದ.

"ಬಾ ಅಕ್ಕಾ. ಕಾಫಿ ಮಾಡಿಸ್ಲೇನು?"

"ಕಾಫಿ ಆಮ್ಯಾಲೆ. ಒಂದು ಪತ್ರ ಹೊಡದು ಕೊಡು. ನನ್ನ ಕಣ್ಣು ಈಗ ಮೊದಲಿನಂಗಿಲ್ಲ."

"ಯಾರಿಗೆ?"

"ಧೀರೇಂದ್ರನ ಮಗಳಿಗೆ."

ಅವನ ಕೈಯಲ್ಲಿದ್ದ ಎಣ್ಣೆಯ ಡಬ್ಬಿ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಅದನ್ನು ಕೆಳಗಿಟ್ಟು, ಕೈ ಒರೆಸಿ, ಹಾಳೆ ಏರಿಸಿದ. ಕಾರ್ಬನ್ ಇಟ್ಟು ಅಡಿಗೆ ಇನ್ನೊಂದು ಹಾಳೆಯನ್ನೂ ಸೇರಿಸಿದ. ಪ್ರತಿಯಿಲ್ಲದೆ ಏನನ್ನೂ ಹೊಡೆಯಬಾರದು ಎನ್ನುವುದೂ ಅಪ್ಪನದೇ ಪಾಠ.

ತುಳಸಾಬಾಯಿ ನಿಂತುಕೊಂಡೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಮೊದಲ ಸಾಲಿನ ಕೊನೆಗೆ ಸ್ಪಂದನಾಳ ಹೆಸರು ಬಂತು. ಟಿಣ್. ಇನ್ನೂ ಐದಾರು ಅಕ್ಷರದ ಜಾಗವಿತ್ತು. ವೇದವ್ಯಾಸ ಸಾಲು ಬದಲಿಸುವ ಸನ್ನೆ ಎಳೆದು ಹೆಸರನ್ನು ಇಡಿಯಾಗಿ ಕೆಳಗಿನ ಸಾಲಿಗೆ ಹೊಡೆದ. 'ವೆಲ್-ಮೀನಿಂಗ್ ಫ್ರೆಂಡ್ಸ್' ಎಂದಾಗ ನಡುವೆ ಹೈಫನ್ ತಾನಾಗಿ ಬಿತ್ತು. ಅರವತ್ತೊಂದು ವರ್ಷದ ಆ ಬೆರಳುಗಳು ಇನ್ನೂ ಅಪ್ಪನ ರೂಲರಿಗೆ ಹೆದರುತ್ತಿದ್ದವು.

"ನಿನ್ನ ತಂದೆ," ಎಂದು ಹೇಳಿ ತುಳಸಾಬಾಯಿ ತಡೆದರು. "ಬರಿ. ನಿನ್ನ ತಂದೆ ಧೀರೇಂದ್ರ ಬೇಗ ಮನಿಗೆ ಬರ್ತಾರ ಅಂತ ಬರಿ."

ಟಿಣ್.

ಬೆರಳು ಕೀಲಿಗಳ ಮೇಲೆ ತೇಲುತ್ತ ನಿಂತವು. ಸಂತೆಯ ಗದ್ದಲ ಒಳಗಿನವರೆಗೂ ಕೇಳುತ್ತಿತ್ತು. ತುಳಸಾಬಾಯಿ ಮನಸ್ಸಿನಲ್ಲಿ ದೇವರಿಗೆ ಕೈಮುಗಿದರು. ಕೆಳಗಿಳಿಸೋ ವ್ಯಾಸಾ. ಹೆಸರು ಇಡಿಯಾಗಿ ಕೆಳಗಿಳಿಸು. ನಿನಗೆ ಏನೂ ಗೊತ್ತಿಲ್ಲವೆಂದು ತೋರಿಸು, ನಾನು ಕಾಫಿ ಕುಡಿದು ಹೋಗುತ್ತೇನೆ.

ವೇದವ್ಯಾಸ ತಲೆಯೆತ್ತಿ ಅಕ್ಕನನ್ನು ನೋಡಿದ. ಮಷಿನ್ನಿನ ಕಡೆ ನೋಡದೆಯೇ ಆರು ಅಕ್ಷರ ಹೊಡೆದ. ಆಮೇಲೆ ಹೈಫನ್. ಸನ್ನೆ ಎಳೆದು ಉಳಿದ ಮೂರು ಅಕ್ಷರ ಕೆಳಗೆ ಹೊಡೆದ.

"ನೋಡಿದಿ?" ಎಂದ. "ಹನ್ನೊಂದು ದಿನ ಆತು ಅಕ್ಕಾ. ನೀ ಯಾವಾಗ ಬರ್ತಿ ಅಂತ ದಾರಿ ನೋಡ್ಲಿಕ್ಕತ್ತೇನಿ. ಆ ಗುರ್ತು ಓದೂವಾಕಿ ಈ ಜಗತ್ತಿನ್ಯಾಗ ನೀ ಒಬ್ಬಾಕಿನ."

ತುಳಸಾಬಾಯಿ ಹಾಳೆಯನ್ನು ಮಷಿನ್ನಿನಿಂದ ಎಳೆದುಕೊಂಡು ನೋಡಿದರು. ಗೋಡೆ ಹಿಡಿದು ಕೂತರು. "ಬೇಕಂತ ಮುರದಿ?"

"ಬೇಕಂತ ಮುರದೆ. ಮಾಲತೇಶನ ಮಷಿನ್ ಇಲ್ಲೇ ಇತ್ತು. ಒಬ್ರು ಬಂದ್ರು. ಧೀರೇಂದ್ರ ಇನ್ನ ಬರಂಗಿಲ್ಲ, ಅವರ ಹೆಸರಿನ್ಯಾಗ ಒಂದು ಪತ್ರ ಬೇಕು ಅಂದ್ರು. ಆಗಂಗಿಲ್ಲ ಅಂದೆ. ನನ್ನ ಮೊಮ್ಮಗಳು ಯಾವ ಓಣಿಂದ ಸಾಲಿಗೆ ಹೋಗ್ತಾಳ, ಯಾವ ಅಂಗಡಿ ಮುಂದ ನಿಲ್ತಾಳ, ಎಲ್ಲಾ ಹೇಳಿದ್ರು. ಬಾಯಿ ಬಿಟ್ರ ಆಕಿ ಮನಿ ಮುಟ್ಟಂಗಿಲ್ಲ ಅಂದ್ರು. ಬಾಯಿ ಬಿಡಲಿಲ್ಲ. ಹೈಫನ್ ಬಿಟ್ಟೆ."

"ಹೇಡಿ!" ಅವರ ದನಿ ಪಡಸಾಲೆ ತುಂಬಿತು. "ನಿನ್ನ ಮೊಮ್ಮಗಳನ್ನ ಉಳಸ್ಲಿಕ್ಕೆ ಮಾದೇವಿ ಮಗನ್ನ ಕೊಟ್ಟ್ಯಾ? ಮಷಿನ್ ಬಂದೇ ಇಲ್ಲ ಅಂತ ಸಹಿ ಹಾಕಿದ್ಯಲ್ಲೋ! ಆಕಿ ನನ್ನ ಹೊಸ್ತಿಲ ಮುಂದ ಕೂತಿದ್ಲು. ನನ್ನ ತಮ್ಮ ಸುಳ್ಳು ಹೇಳಂಗಿಲ್ಲ ಅಂತ ಆಕಿ ಮುಂದ ಹೇಳಿದ್ದೆ ನಾನು!"

"ಹೌದು. ಹೇಡಿನ." ಅವನು ಅಳುತ್ತಿದ್ದ. "ಅವ ಈಗ ಎಲ್ಲಿದ್ದಾನ? ಲಾಕಪ್ಪಿನ್ಯಾಗ ಅದಾನಲ್ಲ? ಅಲ್ಲೇ ಇರಲಿ ಅಕ್ಕಾ. ಹೊರಗ ಬಿಡಸಬ್ಯಾಡ."

"ಅಂದ್ರ?"

ವೇದವ್ಯಾಸ ಮಷಿನ್ನನ್ನು ಎತ್ತಿದ. ಅದರ ಅಡಿಯ ಕಂಬಳಿ ತುಂಡಿನ ಕೆಳಗಿನಿಂದ ಮಡಚಿದ ಒಂದು ಕಾರ್ಬನ್ ಪ್ರತಿ ತೆಗೆದ. "ಅವತ್ತು ಎರಡು ಪತ್ರ ಹೊಡಸಿಕೊಂಡ್ರು. ಎರಡೂ ಅದ ಮಷಿನ್ನಿನ ಮ್ಯಾಲ. ಮೊದಲಿಂದು ಯಾರೂ ನಂಬಲಿಲ್ಲಂದ್ರ ಎರಡನೇದು ಬೇಕಾಗ್ತೈತಿ ಅಂದ್ರು. ತಾರೀಖಿನ ಜಾಗಾ ಖಾಲಿ ಬಿಡಸ್ಯಾರ. ಓದು."

ನೀಲಿ ಅಕ್ಷರ ಮಸುಕಾಗಿತ್ತು. ಭೂತಗನ್ನಡಿ ತೆಗೆಯುವಷ್ಟು ತಾಳ್ಮೆ ತುಳಸಾಬಾಯಿಗೆ ಇರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಧೀರೇಂದ್ರರನ್ನು ಕೊಂದವನು ನಾನೇ. ಮನಸ್ಸು ತಡೆಯುತ್ತಿಲ್ಲ. ನನ್ನ ಸಾವಿಗೆ ಯಾರೂ ಕಾರಣರಲ್ಲ. ಅವ್ವಾ, ಕ್ಷಮಿಸು.

ಮೊದಲ ಸಾಲು 'ನಾನು' ಎಂದು ಆರಂಭವಾಗಿ, ಊರು ಕಸುಬು ಹೇಳಿ, ಬರೆದವನ ಹೆಸರಿಗೆ ಬಂದು ನಿಂತಿತ್ತು. 'ಮಾಲ'. ಒಂದು ಹೈಫನ್. ಕೆಳಗಿನ ಸಾಲಿನಲ್ಲಿ 'ತೇಶ'.

"ಯಾರೋ ಅವರು?" ತುಳಸಾಬಾಯಿ ಹಾಳೆಯನ್ನು ಅವನ ಮುಖದ ಮುಂದೆ ಹಿಡಿದರು. "ಹೆಸರು ಹೇಳು."

"ಹೆಸರು ಹೇಳಂಗಿಲ್ಲ ಅಂತ ಮೊಮ್ಮಗಳ ತಲಿ ಮುಟ್ಟಿ ಆಣಿ ಮಾಡಸ್ಯಾರ. ಮೂರು ತಾಸಿನ ಹಿಂದ ಫೋನ್ ಬಂದಿತ್ತು. ನಗಲಿಕ್ಕತ್ತಿದ್ರು. 'ನಿಮ್ಮ ಅಕ್ಕಾರು ಭಾಳ ಶಾಣ್ಯಾ ಅದಾರ್ರಿ ಮಾಸ್ತರ,' ಅಂದ್ರು. 'ಹೈಫನ್ ಪಾಠಾ ಇವತ್ತ ಕಲತೆ. ಎರಡನೇ ಕಾಗದಕ್ಕ ಕೆಲಸ ಬಂತು.'"

ತುಳಸಾಬಾಯಿ ಎದ್ದರು. ಹೇಗೆ ಎದ್ದರೋ, ಹೊಸ್ತಿಲು ಹೇಗೆ ದಾಟಿದರೋ ಅವರಿಗೇ ಗೊತ್ತಿಲ್ಲ. ಆ ಬಾಗಿಲು ಮೊದಲ ಸಲ ಸರಿಯಾಗಿ ಕೂಡಿರಲಿಲ್ಲ. ತಾವೇ, ತಮ್ಮ ಕೈಯಾರೆ, ಎರಡನೇ ಸಲ ಬಡಿದಿದ್ದರು. ಯಾರ ಮುಂದೆ ಕೂತು ಸಾಲು ಸಾಲಾಗಿ ಗುಟ್ಟು ಬಿಡಿಸಿ ಹೇಳಿದ್ದರು! ಎತ್ತು, ನೊಗ, ಗಾಡಿ! ಒಂದು ಒಳ್ಳೆಯ ಮಾತಿಗೆ ಉಬ್ಬಿ!

"ಮುಜಾಫರ ಸಾಹೇಬ್ರ! ವಕೀಲಗ ಫೋನ್ ಹಚ್ಚ್ರಿ! ಕರಿಬಸಪ್ಪಗ! ಹುಡುಗ ಅವನ ಕಾರಿನ್ಯಾಗ ಅದಾನ!"

ಮುಜಾಫರ ಒಂದೇ ನೋಟಕ್ಕೆ ಹಾಳೆ ಓದಿ ಫೋನು ಹಚ್ಚಿದ. ವಕೀಲರ ಫೋನು ಬಂದ್ ಆಗಿತ್ತು. ಅವನು ಜೀಪಿನ ಕಡೆ ಓಡುತ್ತ ಇನ್ನೊಂದು ಕರೆ ಮಾಡಿ, ಆ ಕಾರನ್ನು ಎಲ್ಲಿ ಕಂಡರೂ ನಿಲ್ಲಿಸಿ ಎಂದು ಕೂಗತೊಡಗಿದ. ಶಿಗ್ಗಾವಿಯಿಂದ ದುಂಡಸಿಗೆ ಹೆಚ್ಚೆಂದರೆ ಮುಕ್ಕಾಲು ತಾಸು. ವಕೀಲರ ಕಾರು ಹೊರಟು ಎರಡೂವರೆ ತಾಸಾಗಿತ್ತು.

ತುಳಸಾಬಾಯಿಯ ಕೈಯಲ್ಲಿ ಫೋನು ಗುಂಯ್ ಎಂದಿತು. ಮಾದೇವಿ.

"ಯವ್ವಾ, ವಕೀಲ್ರು ಈಗ ಬಂದು ಹೋದ್ರ್ರಿ." ಮಾದೇವಿಯ ದನಿಯಲ್ಲಿ ಇನ್ನೂ ಖುಷಿಯೇ ಇತ್ತು, ಸ್ವಲ್ಪ ಗಲಿಬಿಲಿ ಮಾತ್ರ ಸೇರಿತ್ತು. "ಒಬ್ರ ಬಂದಿದ್ರು. ನನ್ನ ಮಗ ತಡಸದಾಗ ಯಾರನ್ನೋ ಕಂಡು ಬರ್ತೇನಿ ಅಂತ ಇಳಕೊಂಡನಂತ. ಚೀಲಾ ಅಷ್ಟ ಕೊಟ್ಟು ಕಳಿಸ್ಯಾನಂತ. ರೊಟ್ಟಿ ಆರಾಕತ್ತಾವ್ರಿ, ಇನ್ನೂ ಬರವಲ್ಲ."

ತುಳಸಾಬಾಯಿ ಮುಜಾಫರನಿಗೆ ನಿಲ್ಲು ಎಂದು ಕೈ ಮಾಡಿದರು.

"ಚೀಲದಾಗ ಒಂದು ಕಾಗದ ಐತ್ರಿ ಯವ್ವಾ. ಟೈಪ್ ಹೊಡದದ್ದು, ಇಂಗ್ಲೀಷ್ ಐತಿ. ಕೆಳಗ ನನ್ನ ಮಗನ ಸಹಿ ಇದ್ದಂಗ ಐತಿ. ನನಗೇನ ತಿಳಿತೈತ್ರಿ? ಪಕ್ಕದ ಮನಿ ಹುಡುಗಿ ಕಡಿಂದ ಫೋಟೋ ತಗಸಿ ಕಳಸ್ತೇನಿ. ನೀವು ಓದಿ ಹೇಳ್ರಿ, ಏನ ಬರದಾನ ನನ್ನ ಮಗ?"

ಅದರ ಕಾರ್ಬನ್ ಪ್ರತಿ ತುಳಸಾಬಾಯಿಯ ಇನ್ನೊಂದು ಕೈಯಲ್ಲಿತ್ತು.